ಬಕೆಟ್ ನೀರಿನಲ್ಲಿಟ್ಟ ಉಂಡೆ: ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ಪ್ರಕರಣ

ಇದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ನಡೆದದ್ದು. ನಾನು ಆಗ ಆ ಹೋಬಳಿಯ ಪಶು ಆಸ್ಪತ್ರೆಯಲ್ಲಿ ವೈದ್ಯನಾಗಿದ್ದೆ. ತೋಟ, ಊರು, ವರ್ಷ, ಜನರ ಹೆಸರು ಎಲ್ಲವನ್ನೂ ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಆ ದಿನ ಯಾರು ಯಾವ ಹೊತ್ತಿನಲ್ಲಿ ಏನು ನಿರ್ಧರಿಸಿದರು, ಏಕೆ ನಿರ್ಧರಿಸಿದರು ಎಂಬುದನ್ನು ಮಾತ್ರ ಇದ್ದ ಹಾಗೆಯೇ ಇಟ್ಟಿದ್ದೇನೆ. ತಪ್ಪು ನಿರ್ಧಾರಗಳೂ ಅದರಲ್ಲಿ ಸೇರಿವೆ. ಅವುಗಳಲ್ಲಿ ಒಂದು ನನ್ನದೇ.

ಹಿನ್ನೆಲೆ

ಸಿಡಿಮದ್ದು ಎಂದರೆ ಏನೆಂದು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ಕಾಡುಹಂದಿಯ ಮಾಂಸದ ಆಸೆಗೆ ಕೆಲವರು ಸ್ಫೋಟಕವನ್ನು ಉಂಡೆ ಕಟ್ಟಿ, ಹಂದಿಗೆ ಪ್ರಿಯವಾದ ತಿನಿಸಿನಲ್ಲಿ ಅಡಗಿಸಿ, ಅದು ಓಡಾಡುವ ಜಾಡಿನಲ್ಲಿ ಇಟ್ಟು ಹೋಗುತ್ತಾರೆ. ಹಂದಿ ಕಚ್ಚಿದೊಡನೆ ಅದರ ಬಾಯಿಯಲ್ಲೇ ಸಿಡಿಯುತ್ತದೆ. ಪತ್ರಿಕೆಗಳು ಇದನ್ನು ನಾಡಬಾಂಬ್ ಎಂದು ಬರೆಯುತ್ತವೆ. ತೋಟಗಳಲ್ಲಿ ‘ಉಂಡೆ’ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. 1908ರ ಸ್ಫೋಟಕ ವಸ್ತುಗಳ ಕಾಯ್ದೆಯಡಿ ಇದು ಅಪರಾಧ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿಯೂ ಅಪರಾಧ. ಆದರೂ ಗದ್ದೆಯ ಭತ್ತ ಹಣ್ಣಾಗುವ ಹೊತ್ತಿಗೆ ಒಂದಲ್ಲ ಒಂದು ಕಡೆ ಸದ್ದು ಕೇಳಿಸುತ್ತದೆ.

ಇಟ್ಟವನು ಬೆಳಕು ಹರಿಯುವ ಮೊದಲು ಬಂದು, ಸಿಡಿಯದೆ ಉಳಿದವನ್ನು ಎತ್ತಿಕೊಂಡು ಹೋಗುತ್ತಾನೆ ಎಂಬುದು ಊರಿನವರ ನಂಬಿಕೆ. ಆತ ಬರದಿದ್ದರೆ? ಮಂಜು ಕವಿದು ಇಟ್ಟ ಜಾಗ ಮರೆತುಹೋದರೆ? ಹಂದಿಗೆ ಇಟ್ಟದ್ದು ದನಕ್ಕೆ ಸಿಗುತ್ತದೆ, ನಾಯಿಗೆ ಸಿಗುತ್ತದೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗರ್ಭಿಣಿ ಆನೆಯೊಂದು ಸಿಡಿಮದ್ದು ಕಚ್ಚಿ, ನೋವು ತಾಳಲಾರದೆ ಹೊಳೆಯ ನೀರಿನಲ್ಲಿ ನಿಂತೇ ಸತ್ತಾಗ ದೇಶವೆಲ್ಲ ಮರುಗಿತು. ನಮ್ಮ ಕಡೆ ಹಸುಗಳ ಬಾಯಿ ಹೀಗೆ ಛಿದ್ರವಾದದ್ದು ಜಿಲ್ಲಾ ಪುಟದ ಮೂಲೆಯ ನಾಲ್ಕು ಸಾಲಿನಲ್ಲಿ ಮುಗಿದುಹೋಗುತ್ತದೆ. ಅಂಥ ಹಸುಗಳ ಮುಂದೆ ಮಂಡಿಯೂರಿ ಕುಳಿತಿರುವ ನನಗೆ ಆ ನಾಲ್ಕು ಸಾಲು ಸಾಲದು ಎನಿಸುತ್ತದೆ.

ತೋಟ ಸುಮಾರು ನೂರಿಪ್ಪತ್ತು ಎಕರೆಯದು. ಮೇಲ್ಭಾಗದಲ್ಲಿ ಅರೇಬಿಕಾ, ಕೆಳಗೆ ರೊಬಸ್ಟಾ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸು. ತೀರ ಕೆಳಗೆ ಒಂದು ಹಳ್ಳ, ಹಳ್ಳದಾಚೆ ಗದ್ದೆ. ಡಿಸೆಂಬರ್ ಕೊನೆಯ ವಾರ, ಅರೇಬಿಕಾ ಕೊಯ್ಲು ಮುಗಿಯುತ್ತ ಬಂದಿತ್ತು. ಹಣ್ಣು ಕೊಯ್ಯಲು ನಲವತ್ತು ಆಳು. ಅವರಲ್ಲಿ ಹದಿನಾಲ್ಕು ಮಂದಿ ಅಸ್ಸಾಮಿನಿಂದ ಬಂದವರು, ಹೆಂಡತಿ ಮಕ್ಕಳ ಸಮೇತ ಲೈನಿನಲ್ಲಿ, ಅಂದರೆ ಆಳುಗಳಿಗೆಂದು ಕಟ್ಟಿದ ಹತ್ತು ಮನೆಗಳ ಸಾಲಿನಲ್ಲಿ, ಇದ್ದರು. ಸಾಹುಕಾರರು ಬೆಂಗಳೂರಿನಲ್ಲಿ, ತೋಟವನ್ನು ನಡೆಸುತ್ತಿದ್ದವರು ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದ ರೈಟರು ಮತ್ತು ಸ್ಥಳೀಯನೇ ಆದ ಮೇಸ್ತ್ರಿ.

ಹಸುವಿನ ಬಾಯಿ

ಬೆಳಗ್ಗೆ ಏಳೂ ಮುಕ್ಕಾಲಿಗೆ ಕರೆ ಬಂತು. ತೋಟದ ಬೇಲಿಯಾಚೆ ಒಂಟಿ ಮನೆಯಲ್ಲಿರುವ ಅಜ್ಜಿಯೊಬ್ಬರ ಹಸು ರಾತ್ರಿ ಕೊಟ್ಟಿಗೆಗೆ ಬಂದಿರಲಿಲ್ಲ. ಬೆಳಗ್ಗೆ ತೋಟದ ಕೆಳಗಿನ ದಾರಿಯಲ್ಲಿ ನಿಂತಿತ್ತು, ಬಾಯಿಂದ ರಕ್ತ ಸೋರುತ್ತಿತ್ತು. ‘ಚಿರತೆ ಹಿಡಿದಿರಬೇಕು’ ಎಂದು ಫೋನಿನಲ್ಲಿ ಹೇಳಿದರು.

ಎಂಟೂವರೆಗೆ ತಲುಪಿದೆ. ಮಲೆನಾಡು ಗಿಡ್ಡ, ಕಪ್ಪು ಬಣ್ಣ, ನನ್ನ ಸೊಂಟದ ಎತ್ತರ. ತಲೆ ತಗ್ಗಿಸಿ, ಕಾಲು ಅಗಲಿಸಿ ಅಲ್ಲಾಡದೆ ನಿಂತಿತ್ತು. ಕೆಳದವಡೆ ಎರಡು ತುಂಡಾಗಿ ಒಂದು ಬದಿಗೆ ಜೋತಿತ್ತು. ನಾಲಗೆಯ ತುದಿ ಇರಲಿಲ್ಲ. ಚಿರತೆ ಹಿಡಿದಿದ್ದರೆ ಕುತ್ತಿಗೆಯ ಮೇಲೆ ಹಲ್ಲಿನ ಗುರುತು, ಹೆಗಲಿನ ಮೇಲೆ ಉಗುರಿನ ಗೀರು ಇರಬೇಕಿತ್ತು. ಮೈ ಮೇಲೆ ಒಂದು ಗೀರೂ ಇರಲಿಲ್ಲ. ಕೆನ್ನೆಯ ಚರ್ಮ ಒಳಗಿನಿಂದ ಹೊರಕ್ಕೆ ಸೀಳಿತ್ತು. ಅಂಗುಳು ಮಸಿ ಹಿಡಿದಂತೆ ಕಪ್ಪಗಾಗಿತ್ತು. ಮೂತಿಯ ಹತ್ತಿರ ಬಗ್ಗಿದಾಗ ದೀಪಾವಳಿಯ ಮರುದಿನದ ಅಂಗಳದ ವಾಸನೆ ಬಂತು. ಒಸಡಿನಲ್ಲಿ ಸಿಕ್ಕಿಕೊಂಡಿದ್ದ ಬಿಳಿಯ ನೂಲಿನ ಒಂದು ಎಳೆಯನ್ನು ಚಿಮುಟದಲ್ಲಿ ಹಿಡಿದು ಹೊರತೆಗೆದೆ.

‘ಇದು ಚಿರತೆಯಲ್ಲ, ಉಂಡೆ’ ಎಂದೆ.

ಯಾರೂ ಮಾತನಾಡಲಿಲ್ಲ. ಹಿಂದಿನ ಸಂಜೆ ಏಳರ ಹೊತ್ತಿಗೆ ಒಂದು ಸದ್ದು ಕೇಳಿದ್ದು ಸುತ್ತ ನಿಂತಿದ್ದ ಎಲ್ಲರಿಗೂ ನೆನಪಿತ್ತು. ಆನೆ ಓಡಿಸಲು ಯಾರೋ ಪಟಾಕಿ ಹೊಡೆದರು ಎಂದುಕೊಂಡು ಸುಮ್ಮನಾಗಿದ್ದರಂತೆ. ಅಜ್ಜಿ ಮಾತ್ರ ಹಸುವಿನ ಬೆನ್ನು ಸವರುತ್ತ, ‘ನನ್ನ ಗೌರಿ ಯಾರಿಗೆ ಏನು ಮಾಡಿತ್ತು ಡಾಕ್ಟರೇ’ ಎಂದು ಕೇಳುತ್ತಲೇ ಇದ್ದರು.

ನೋವಿಗೆ, ನಂಜಿಗೆ ಚುಚ್ಚುಮದ್ದು ಕೊಟ್ಟೆ, ಗ್ಲೂಕೋಸ್ ಹಚ್ಚಿದೆ. ವೈದ್ಯನಾಗಿ ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಒಂದು ಉಂಡೆಯನ್ನು ಮಾತ್ರ ಇಟ್ಟು ಹೋಗುವವರು ಇಲ್ಲ. ಒಂದು ಸಿಡಿದಿದೆ ಎಂದರೆ ಸಿಡಿಯದವು ಆಸುಪಾಸಿನಲ್ಲೇ ಇವೆ. ಮೇಲಿನ ಇಳಿಜಾರಿನಲ್ಲಿ ಆಳುಗಳು ಆಗಲೇ ಬುಟ್ಟಿ ಕಟ್ಟಿಕೊಂಡು ಕೊಯ್ಲಿಗೆ ಇಳಿದಿದ್ದರು.

ಮೂರು ತಪ್ಪು ಹೆಜ್ಜೆಗಳು

ಮೊದಲ ತಪ್ಪು ನನ್ನದು. ಎಲ್ಲಿ ಸಿಡಿಯಿತು ಎಂದು ಖಚಿತವಾದರೆ ರೈಟರಿಗೆ ಸರಿಯಾಗಿ ಹೇಳಬಹುದು ಎಂದುಕೊಂಡು ಹಸುವಿನ ರಕ್ತದ ಜಾಡು ಹಿಡಿದು ತೋಟದೊಳಗೆ ನಡೆದೆ. ಐವತ್ತು ಹೆಜ್ಜೆ ಹೋಗಿರಬಹುದು. ಸಿಲ್ವರ್ ಓಕ್ ಎಲೆಗಳು ಕಣಕಾಲು ಮುಚ್ಚುವಷ್ಟು ದಟ್ಟವಾಗಿ ಬಿದ್ದಿದ್ದವು. ಮೇಲೆ ಬೂದಿ ಬಣ್ಣ, ಮಗುಚಿದರೆ ಬೆಳ್ಳಿ. ಪಾದದ ಕೆಳಗೆ ಏನಿದೆ ಎಂದು ಕಾಣುತ್ತಿರಲಿಲ್ಲ. ಏನೋ ಒಂದು ಕಡ್ಡಿ ಪಟಕ್ಕೆಂದು ಮುರಿಯಿತು. ನಾನು ಎಲ್ಲಿ ನಿಂತಿದ್ದೇನೆ ಎಂಬುದು ಆಗ ಹೊಳೆಯಿತು. ಬಂದ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟು ಹಿಂದಿರುಗಲು ಎರಡು ನಿಮಿಷವೂ ಹಿಡಿಯಲಿಲ್ಲ. ಆದರೆ ಆ ಎರಡು ನಿಮಿಷ ಇವತ್ತಿಗೂ ನನ್ನ ಅಂಗಾಲಿನಲ್ಲಿ ಇದೆ.

ಎರಡನೆಯದು ಮೇಸ್ತ್ರಿಯ ಸಲಹೆ. ‘ನಲವತ್ತು ಜನ ಇದ್ದೇವೆ. ಸಾಲಾಗಿ ನಿಂತು ಕೋಲಿನಿಂದ ಎಲೆ ಸರಿಸುತ್ತ ಹೋದರೆ ಮಧ್ಯಾಹ್ನದೊಳಗೆ ಎಲ್ಲವೂ ಸಿಗುತ್ತವೆ. ಆಮೇಲೆ ಯಾರಿಗೂ ಭಯವಿಲ್ಲ.’ ಆತನ ಮುಖದಲ್ಲಿ ಆಳುಗಳ ಬಗ್ಗೆ ಕಾಳಜಿಯಲ್ಲದೆ ಬೇರೇನೂ ಇರಲಿಲ್ಲ. ರೈಟರು ತಲೆಯಾಡಿಸಿಯೂ ಬಿಟ್ಟಿದ್ದರು. ಕೋಲಿನ ತುದಿಯೇ ಸಾಕು, ಹಂದಿಯ ಹಲ್ಲೇ ಬೇಕೆಂದಿಲ್ಲ, ತಿಕ್ಕಿದರೂ ಒತ್ತಿದರೂ ಬಿದ್ದರೂ ಸಿಡಿಯಬಹುದು ಎಂದು ನಾನು ಹೇಳಿದೆ. ಮಾತು ನಾಟಲಿಲ್ಲ. ಕೊನೆಗೆ ಅವರನ್ನು ಹಸುವಿನ ಹತ್ತಿರ ಕರೆದು ತಂದು ದವಡೆ ತೋರಿಸಿದೆ. ಮೇಸ್ತ್ರಿ ಕೋಲನ್ನು ಅಲ್ಲೇ ಕೆಳಗಿಟ್ಟ.

ಮೂರನೆಯದು ತಡ. ಪೊಲೀಸರಿಗೆ ಹೇಳುವ ಮೊದಲು ಸಾಹುಕಾರರಿಗೆ ಹೇಳಬೇಕು ಎಂದು ರೈಟರು ಕುಳಿತರು. ಸಾಹುಕಾರರು ಫೋನ್ ಎತ್ತುತ್ತಿರಲಿಲ್ಲ. ‘ಪೊಲೀಸರು ಬಂದರೆ ಕೊಯ್ಲು ನಿಲ್ಲುತ್ತದೆ, ಹಣ್ಣು ಉದುರುತ್ತದೆ, ನಾಳೆಯಿಂದ ಕೋರ್ಟಿಗೆ ಅಲೆದಾಟ. ಇಟ್ಟವನು ಪಕ್ಕದ ಊರಿನವನೇ ಆಗಿದ್ದರೆ ದ್ವೇಷ ಬೇರೆ.’ ಈ ಭಯಗಳಲ್ಲಿ ಒಂದನ್ನೂ ನಾನು ಸುಳ್ಳು ಎನ್ನಲಾರೆ. ಹಳ್ಳಿಯಲ್ಲಿ ಸಿಡಿಮದ್ದಿನ ಸುತ್ತ ಇರುವ ಮೌನ ಹುಟ್ಟುವುದೇ ಇಲ್ಲಿಂದ. ಆದರೆ ಆ ಐವತ್ತು ನಿಮಿಷ ಆಳುಗಳು ಅದೇ ಇಳಿಜಾರಿನಲ್ಲಿ ಹಣ್ಣು ಕೊಯ್ಯುತ್ತಿದ್ದರು. ಕೊಯ್ಲು ನಿಲ್ಲಿಸಿದ್ದು ಒಂಬತ್ತೂವರೆ ದಾಟಿದ ಮೇಲೆ, ಅದೂ ಹಳ್ಳದ ಕಡೆಯ ತುಂಡಿನಲ್ಲಿ ಮಾತ್ರ.

ಒಂಬತ್ತು ಐವತ್ತಕ್ಕೆ ನಾನೇ 112ಕ್ಕೆ ಕರೆ ಮಾಡಿದೆ. ಆ ತೋಟದಲ್ಲಿ ಗೇಟಿನ ಪಕ್ಕದ ಮೋರಿಯ ಮೇಲೆ ನಿಂತರೆ ಮಾತ್ರ ಮೊಬೈಲ್ ಸಿಗುತ್ತಿತ್ತು. ಅನುಮಾನದ ವಸ್ತುವಿನ ಹತ್ತಿರ ನಿಂತು ಮೊಬೈಲ್ ಬಳಸಬಾರದು ಎಂಬ ಎಚ್ಚರಿಕೆಯನ್ನು ಅಂದು ನಾವು ಪಾಲಿಸಿದ್ದು ನೆಟ್‌ವರ್ಕ್ ಇಲ್ಲದ್ದರಿಂದ.

ಯಾರೂ ಕೇಳದಿದ್ದ ಪ್ರಶ್ನೆ

ಕರೆ ತೆಗೆದುಕೊಂಡ ಹೆಣ್ಣುಮಗಳು ಜಾಗ ಕೇಳಿದಳು, ದಾರಿ ಕೇಳಿದಳು, ಗಾಯಗೊಂಡವರಿದ್ದಾರೆಯೇ ಎಂದು ಕೇಳಿದಳು. ಆಮೇಲೆ, ‘ಸಿಡಿಯದ ವಸ್ತು ಯಾರಿಗಾದರೂ ಕಂಡಿದೆಯೇ ಸರ್? ಎಲ್ಲಿದೆ? ಸುತ್ತ ಜನ ಇದ್ದಾರೆಯೇ?’ ಎಂದಳು. ಒಂದೂವರೆ ಗಂಟೆಯಿಂದ ನಾವೆಲ್ಲ ಹಸುವಿನ ಬಗ್ಗೆ, ಕೊಯ್ಲಿನ ಬಗ್ಗೆ, ಸಾಹುಕಾರರ ಬಗ್ಗೆ ಮಾತನಾಡಿದ್ದೆವು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನು ಅದನ್ನೇ ಗಟ್ಟಿಯಾಗಿ ಹೇಳಿ, ಗೇಟಿನ ಬಳಿ ನಿಂತವರ ಕಡೆ ನೋಡಿದೆ.

ಉತ್ತರ ಬಂದದ್ದು ಮೇಸ್ತ್ರಿಯ ಹೆಂಡತಿಯಿಂದ. ಆಕೆ ಕೊಯ್ಲಿನ ತೂಕ ಬರೆಯುವ ಕೆಲಸ ಮಾಡುತ್ತಿದ್ದರು. ಅಸ್ಸಾಮಿನವರ ಜೊತೆ ದಿನವೂ ಮಾತನಾಡಿ ಹರಕುಮುರುಕು ಹಿಂದಿ ಕಲಿತಿದ್ದರು. ‘ನಿನ್ನೆ ಸಂಜೆ ಅವರಲ್ಲೊಬ್ಬ ಏನೋ ಗೋಲಾ ಸಿಕ್ಕಿತು ಎಂದು ನಮ್ಮ ಯಜಮಾನರ ಹತ್ತಿರ ಹೇಳುತ್ತಿದ್ದ. ಇವರು ಮಕ್ಕಳ ಚೆಂಡು ಎಂದುಕೊಂಡು ಹೂಂ ಎಂದು ಬಿಟ್ಟರು. ಲೈನಿನ ಹಿಂದೆ ಬಕೆಟ್‌ನಲ್ಲಿ ಹಾಕಿಟ್ಟಿದ್ದಾನೆ.’

ಆ ಮನುಷ್ಯನನ್ನು ಕರೆಸಿ ಕೇಳಿದಾಗ ಸಂಗತಿ ಹೊರಬಂತು. ಅವನ ಐದು ವರ್ಷದ ಮಗಳು ಹಳ್ಳದ ಬದಿಯಿಂದ ಉಂಡೆಯನ್ನು ಎತ್ತಿಕೊಂಡು ಬಂದಿದ್ದಳು. ಲಡ್ಡು ಎಂದುಕೊಂಡಿದ್ದಳೋ ಚೆಂಡು ಎಂದುಕೊಂಡಿದ್ದಳೋ ತಿಳಿಯದು. ಅದರ ವಾಸನೆಯಿಂದ ಅನುಮಾನ ಬಂದು ಅವನು ಅವಳ ಕೈಯಿಂದ ಬಿಡಿಸಿ, ಪಟಾಕಿಯನ್ನು ನೀರಿಗೆ ಹಾಕಿದರೆ ಸಾಯುತ್ತದಲ್ಲ ಎಂದು ಬಕೆಟ್ ನೀರಿನಲ್ಲಿ ಮುಳುಗಿಸಿ, ಬೇರೆ ಮಕ್ಕಳು ಮುಟ್ಟಬಾರದೆಂದು ಮೇಲೆ ಒಂದು ಮಣೆ ಮುಚ್ಚಿ, ಮಣೆಯ ಮೇಲೆ ಕಲ್ಲು ಹೇರಿದ್ದ. ಜವಾಬ್ದಾರಿಯಿಂದ ಹೇಳಲೂ ಹೇಳಿದ್ದ, ಕೇಳಿಸಿಕೊಂಡವನಿಗೆ ಅರ್ಥವಾಗಿರಲಿಲ್ಲ.

ತೋಟದ ಕೆಳಗೆ ಎಲ್ಲೋ ಇದೆ ಎಂದುಕೊಂಡಿದ್ದ ವಸ್ತು ಈಗ ಹತ್ತು ಮನೆಗಳ ಹಿತ್ತಿಲಲ್ಲಿತ್ತು. ಒಂಬತ್ತನೆಯ ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ.

ಕಣದಲ್ಲಿ ಎಣಿಕೆ

ಇಲ್ಲಿಂದ ಮುಂದಿನ ಇಪ್ಪತ್ತೈದು ನಿಮಿಷ ಈ ಪ್ರಕರಣದ ಹೃದಯ. ಬಕೆಟ್‌ಅನ್ನು ಎತ್ತಿಕೊಂಡು ಹೋಗಿ ಹಳ್ಳಕ್ಕೆ ಸುರಿದು ಬರುತ್ತೇನೆ ಎಂದು ಒಬ್ಬ ಹುಡುಗ ಹೊರಟ. ಮರಳಿನ ಚೀಲ ಮುಚ್ಚೋಣ ಎಂದ ಇನ್ನೊಬ್ಬ. ಇಬ್ಬರು ಮೊಬೈಲ್ ಹಿಡಿದು ಫೋಟೊ ತೆಗೆಯಲು ಹಿತ್ತಿಲಿನ ಕಡೆ ಹೆಜ್ಜೆ ಹಾಕಿಯೇ ಬಿಟ್ಟಿದ್ದರು. ಅವರನ್ನು ನಿಲ್ಲಿಸಿದ್ದು ನನ್ನ ಬುದ್ಧಿವಾದವಲ್ಲ, ರೈಟರ ಸೀಟಿ. ಕೆಲಸ ಬಿಡುವಾಗ ಊದುವ ಸೀಟಿಯನ್ನು ಉದ್ದಕ್ಕೆ ಊದಿ, ‘ಲೈನಿನ ಹಿಂದಕ್ಕೆ ಒಬ್ಬರೂ ಹೋಗಬಾರದು. ಎಲ್ಲರೂ ಕಣಕ್ಕೆ’ ಎಂದರು. ಒಂದು ಗಂಟೆ ಹಿಂದೆ ಹೆದರಿ ಕುಳಿತಿದ್ದ ಅದೇ ಮನುಷ್ಯ. ಏನು ಮಾಡಬೇಕೆಂದು ಒಮ್ಮೆ ಸ್ಪಷ್ಟವಾದ ಮೇಲೆ ಅವರ ಧ್ವನಿಯೇ ಬೇರೆಯಾಯಿತು.

ಕಣವನ್ನು ಆರಿಸಿಕೊಂಡದ್ದು ಒಳ್ಳೆಯ ನಿರ್ಧಾರ. ಲೈನಿನಿಂದ ನೂರೈವತ್ತು ಮೀಟರ್ ಆಚೆ. ನಡುವೆ ಕಾಫಿ ಗೋದಾಮಿನ ಕಲ್ಲಿನ ಗೋಡೆ, ಅಲ್ಲಿಂದ ಬಕೆಟ್ ಕಣ್ಣಿಗೆ ಬೀಳುವುದಿಲ್ಲ. ಬ್ರಿಟನ್ನಿನ ಸುರಕ್ಷತಾ ಸೂಚನೆಗಳು ಕೈಚೀಲದಷ್ಟು ಗಾತ್ರದ ಅನುಮಾನದ ವಸ್ತುವಿಗೆ ಕನಿಷ್ಠ 100 ಮೀಟರ್, ಕಾರಿಗೆ 200, ಲಾರಿಗೆ 400 ಮೀಟರ್ ದೂರ ಹೇಳುತ್ತವೆ. ಮೊಬೈಲ್, ವಾಕಿಟಾಕಿಗಳನ್ನು 15 ಮೀಟರ್ ಒಳಗೆ ಬಳಸಬೇಡಿ ಎನ್ನುತ್ತವೆ. ಆ ಲೆಕ್ಕ ನನಗೆ ಆಗ ಗೊತ್ತಿರಲಿಲ್ಲ. ಮೇಸ್ತ್ರಿಯ ಹೆಂಡತಿ ಹೇಳಿದ ಕಾರಣ ಇನ್ನೊಂದು: ‘ಕಣವನ್ನು ದಿನಾ ಬೆಳಗ್ಗೆ ನಾನೇ ಗುಡಿಸುತ್ತೇನೆ. ಅಲ್ಲಿ ಒಂದು ಕಲ್ಲು ಬಿದ್ದಿದ್ದರೂ ನನಗೆ ಗೊತ್ತಾಗುತ್ತದೆ.’ ಜನರನ್ನು ಕರೆದೊಯ್ಯುವ ಜಾಗವೂ ಸುರಕ್ಷಿತವೇ ಎಂದು ಮೊದಲು ನೋಡಬೇಕು ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ತರಬೇತಿಯಲ್ಲೂ ನಾನು ಕೇಳಿಲ್ಲ.

ಆಕೆ ಲೈನಿನ ಮುಂಭಾಗದಿಂದ ಒಂದೊಂದೇ ಬಾಗಿಲಿಗೆ ಹೋಗಿ ಹಿಂದಿಯಲ್ಲಿ ಹೇಳಿದರು. ಬಾಂಬ್ ಎಂದು ಕೂಗಲಿಲ್ಲ. ‘ಮಕ್ಕಳನ್ನು ಎತ್ತಿಕೊಳ್ಳಿ, ಒಲೆ ಆರಿಸಿ, ಮುಂದಿನ ಬಾಗಿಲಿನಿಂದ ಕಣಕ್ಕೆ ಬನ್ನಿ, ಸಾಮಾನು ಬೇಡ’ ಎಂದಷ್ಟೇ ಹೇಳಿದರು. ಒಂಬತ್ತು, ಹತ್ತನೆಯ ಮನೆಗಳ ಬಳಿ ಮಾತ್ರ ತಾವು ಹೋಗಲಿಲ್ಲ, ದೂರದಿಂದಲೇ ಹೆಸರು ಹಿಡಿದು ಕರೆದರು. ಹತ್ತು ನಿಮಿಷದಲ್ಲಿ ಎಲ್ಲರೂ ಕಣದಲ್ಲಿದ್ದರು.

ಎಲ್ಲರೂ ಎಂದು ನಾವು ಭಾವಿಸಿದ್ದೆವು. ರೈಟರು ತೂಕದ ಪುಸ್ತಕ ತೆರೆದು ಹಾಜರಿ ಕೂಗಿದರು. ನಲವತ್ತಕ್ಕೆ ನಲವತ್ತು ತಾಳೆಯಾಯಿತು. ರೈಟರು ಪುಸ್ತಕ ಮುಚ್ಚಿ ನಿಟ್ಟುಸಿರು ಬಿಟ್ಟರು. ಆಗ ಅಜ್ಜಿ, ಹಸುವನ್ನು ಬಿಟ್ಟು ಬರಲು ಮೊದಲು ಒಪ್ಪದೆ ಕೊನೆಗೆ ಬಂದಿದ್ದ ಅದೇ ಅಜ್ಜಿ, ‘ಪುಸ್ತಕದಲ್ಲಿ ಕೂಸುಗಳ ಹೆಸರಿದೆಯೇ?’ ಎಂದು ಕೇಳಿದರು.

ಇರಲಿಲ್ಲ. ಕೂಲಿಗೆ ಬರುವವರ ಹೆಸರು ಮಾತ್ರ ಇತ್ತು. ತಾಯಂದಿರನ್ನು ಕೂರಿಸಿ ಎಣಿಸಿದಾಗ ಆರು ಮಕ್ಕಳಲ್ಲಿ ಐದು ಸಿಕ್ಕವು. ಎರಡನೆಯ ಮನೆಯ ಹುಡುಗ ಜ್ವರದಿಂದ ಒಳಗೆ ಮಲಗಿದ್ದ. ಅಪ್ಪ ಕರೆತಂದಿದ್ದಾನೆ ಎಂದು ಅಮ್ಮ, ಅಮ್ಮ ಕರೆತಂದಿದ್ದಾಳೆ ಎಂದು ಅಪ್ಪ ತಿಳಿದುಕೊಂಡಿದ್ದರು. ತಾಯಿ ಓಡಿದಳು. ಇಬ್ಬರು ಹೆಂಗಸರು ಹಿಡಿದು ನಿಲ್ಲಿಸಿದರು.

ತೆರವು ಮಾಡಿದ ಜಾಗಕ್ಕೆ ಮತ್ತೆ ಹೋಗಬಾರದು ಎನ್ನುವುದು ನಿಯಮ. ನಿಯಮ ಸರಿ. ಮಗು ಒಳಗಿದೆ ಎನ್ನುವುದೂ ನಿಜ. ರೈಟರು ನನ್ನ ಮುಖ ನೋಡಿದರು. ಎರಡನೆಯ ಮನೆ ಬಕೆಟ್ ಇರುವ ಜಾಗದಿಂದ ಏಳು ಮನೆ ಆಚೆ. ಮುಂಭಾಗದಿಂದ ಹೋದರೆ ನಡುವೆ ಇಡೀ ಲೈನಿನ ಗೋಡೆಗಳು. ಗುಂಪಾಗಿ ಹೋಗುವುದು ಬೇಡ, ಒಬ್ಬರೇ, ಮುಂದಿನ ಜಗುಲಿಯ ಮೇಲೆಯೇ, ಓಡದೆ ಎಂದು ನಿರ್ಧಾರವಾಯಿತು. ರೈಟರೇ ಹೋದರು. ಕಂಬಳಿಯಲ್ಲಿ ಸುತ್ತಿದ ಹುಡುಗನನ್ನು ಹೆಗಲಿಗೆ ಹಾಕಿಕೊಂಡು ಬಂದರು. ಆ ನಿರ್ಧಾರವನ್ನು ನಾನು ಅನೇಕ ಬಾರಿ ಮರಳಿ ಯೋಚಿಸಿದ್ದೇನೆ. ಮುಂದಿನ ಹತ್ತು ನಿಮಿಷದಲ್ಲಿ ಪೊಲೀಸರು ಬಂದೇ ಬಂದರು, ಕಾಯಬಹುದಿತ್ತು ಎನ್ನುವವರಿದ್ದಾರೆ. ಹತ್ತು ನಿಮಿಷದಲ್ಲಿ ಬರುತ್ತಾರೆಂದು ಆಗ ನಮಗೆ ಗೊತ್ತಿರಲಿಲ್ಲ. ಹೋದದ್ದು ಸರಿ ಎಂದೇ ನಾನು ಇಂದಿಗೂ ಹೇಳುತ್ತೇನೆ. ಆದರೆ ಮೊದಲೇ ಮಕ್ಕಳ ಪಟ್ಟಿ ಇದ್ದಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ದಳ ಬಂದ ಮೇಲೆ

ಹತ್ತೂ ಮುಕ್ಕಾಲಿಗೆ 112ರ ವಾಹನ ಬಂತು. ಎಎಸ್ಐ ಮೊದಲು ಮಾಡಿದ ಕೆಲಸ ಎಂದರೆ ನಾವು ಕಟ್ಟಿದ್ದ ಹಗ್ಗವನ್ನು ಇನ್ನೂ ದೂರಕ್ಕೆ ಸರಿಸಿ, ಕೊಯ್ಲನ್ನು ಇಡೀ ತೋಟದಲ್ಲಿ ನಿಲ್ಲಿಸಿದ್ದು. ಬಕೆಟ್ ನೋಡಲು ಅವರೂ ಹತ್ತಿರ ಹೋಗಲಿಲ್ಲ. ಇಟ್ಟವನನ್ನೇ ಕೂರಿಸಿಕೊಂಡು ಗಾತ್ರ, ಬಣ್ಣ, ಹೊರಸುತ್ತು, ಎಷ್ಟು ಹೊತ್ತಿಗೆ ಇಟ್ಟದ್ದು ಎಂದು ಬರೆದುಕೊಂಡರು. ಮೇಸ್ತ್ರಿಯ ಹೆಂಡತಿ ಅನುವಾದ ಮಾಡಿದರು. ಅವನು ನಡುಗುತ್ತಿದ್ದ. ತನ್ನನ್ನೇ ಹಿಡಿದೊಯ್ಯುತ್ತಾರೆ ಎಂದುಕೊಂಡಿದ್ದ. ‘ಅವನು ಹೇಳಿದ್ದರಿಂದಲೇ ನೀವೆಲ್ಲ ಇಲ್ಲಿ ಕುಳಿತಿದ್ದೀರಿ’ ಎಂದು ಎಎಸ್ಐ ಎಲ್ಲರಿಗೂ ಕೇಳಿಸುವಂತೆ ಹೇಳಿದ್ದು ನನಗೆ ಬಹಳ ದೊಡ್ಡ ಮಾತಾಗಿ ಕಂಡಿತು. ಆಮೇಲೆ ಇನ್ನಿಬ್ಬರು ಆಳುಗಳು ಮುಂದೆ ಬಂದು, ಹಳ್ಳದ ಬದಿಯಲ್ಲಿ ಟಾರ್ಚ್ ಬೆಳಕು ಕಂಡದ್ದನ್ನು ಹೇಳಿದರು.

ಬಾಂಬ್ ಪತ್ತೆ ಮತ್ತು ನಿಷ್ಕ್ರಿಯ ದಳ ನಾಯಿಯೊಂದಿಗೆ ಬಂದಾಗ ಮಧ್ಯಾಹ್ನ ಮೂರೂವರೆ. ಕಾಯುವುದು ಕಷ್ಟವಾಗಿತ್ತು. ಮಕ್ಕಳಿಗೆ ಹಸಿವು, ಅನ್ನ ಲೈನಿನ ಒಲೆಗಳ ಮೇಲೆಯೇ ಉಳಿದಿತ್ತು. ಅಜ್ಜಿ ತಮ್ಮ ಮನೆಯಿಂದ ಅಕ್ಕಿ ಕೊಟ್ಟರು. ಕಣದಲ್ಲೇ ಗಂಜಿ ಬೇಯಿಸಿದರು. ಅವರ ಹಸು ಅತ್ತ ಗ್ಲೂಕೋಸ್ ಬಾಟಲಿಯ ಕೆಳಗೆ ನಿಂತಿತ್ತು.

ದಳದ ಕೆಲಸವನ್ನು ನಾವು ನೋಡಲಿಲ್ಲ. ನೋಡಲು ಬಿಡಲಿಲ್ಲ, ಬಿಡಬಾರದು. ಕವಚ ತೊಟ್ಟ ಒಬ್ಬರೇ ಗೋದಾಮಿನ ಮೂಲೆ ದಾಟಿ ಹೋದದ್ದು ಕಂಡಿತು. ಸಂಜೆ ಐದರ ಹೊತ್ತಿಗೆ ಬಯಲಿನ ಕಡೆಯಿಂದ ಒಂದು ಸದ್ದು. ಮರಗಳ ಮೇಲಿದ್ದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಕಣದಲ್ಲಿ ಮಕ್ಕಳು ಕಿವಿ ಮುಚ್ಚಿಕೊಂಡರು. ಬಕೆಟ್‌ನಿಂದ ತೆಗೆಯುವ ಮೊದಲು ದೂರದಿಂದ ತೆಗೆದ ಚಿತ್ರವನ್ನು ದಳದ ಅಧಿಕಾರಿ ನಂತರ ತೋರಿಸಿದರು: ನೀರಿನ ಮೇಲೆ ಸಾಬೂನಿನ ತೆಳು ನೊರೆ, ಒಂದು ಬೆಳ್ಳಿ ಬಣ್ಣದ ಎಲೆ, ತಳದಲ್ಲಿ ನೂಲು ಸುತ್ತಿದ ಕಂದು ಉಂಡೆ. ಒಂದು ರಾತ್ರಿ, ಒಂದು ಹಗಲು ನೀರಿನಲ್ಲಿದ್ದರೂ ಒಳಗೆ ನೀರು ಇಳಿದಿರಲಿಲ್ಲ ಎಂದರು. ಹೊರಸುತ್ತು ಅಷ್ಟು ಬಿಗಿಯಾಗಿತ್ತು.

ಮರುದಿನ ಬೆಳಕಿನಲ್ಲಿ ನಾಯಿ ಹಳ್ಳದ ಬದಿಯನ್ನು ಮೂಸಿತು. ಇನ್ನೆರಡು ಸಿಕ್ಕವು. ಒಂದು ಅತ್ತಿ ಮರದ ಬುಡದಲ್ಲಿ. ಇನ್ನೊಂದು ಹಸುವಿನ ಜಾಡಿನ ಮೇಲೆಯೇ, ನಾನು ಹಿಂದಿನ ದಿನ ನಿಂತು ಮರಳಿದ ಜಾಗದಿಂದ ಹನ್ನೊಂದು ಹೆಜ್ಜೆ ಮುಂದೆ. ನಾನೇ ಅಳೆದೆ, ಜಾಗವನ್ನು ತೆರವು ಮಾಡಿ ಒಪ್ಪಿಗೆ ಕೊಟ್ಟ ಮೇಲೆ.

ಗೌರಿ ಮೂರನೆಯ ದಿನ ಸತ್ತಿತು. ಮೇಯಲಾರದ ದನವನ್ನು ಉಳಿಸುವುದು ನನ್ನ ಕೈಯಲ್ಲಿ ಇರಲಿಲ್ಲ. ಕಾಡುಪ್ರಾಣಿ ಕೊಂದದ್ದಲ್ಲವಾದ್ದರಿಂದ ಅರಣ್ಯ ಇಲಾಖೆಯ ಪರಿಹಾರವೂ ಅಜ್ಜಿಗೆ ಬರಲಿಲ್ಲ. ಪೊಲೀಸರು ಪ್ರಕರಣ ದಾಖಲಿಸಿದರು. ಅದರ ಮುಂದಿನ ಕಥೆ ಈ ಬರಹದ್ದಲ್ಲ. ಕೊಯ್ಲು ಎರಡೂವರೆ ದಿನ ನಿಂತಿತ್ತು. ಸಾಹುಕಾರರು ಆಳುಗಳಿಗೆ ಆ ದಿನಗಳ ಕೂಲಿ ಕೊಟ್ಟರು, ಅಜ್ಜಿಗೆ ಒಂದು ಕಡಸು ಕೊಡಿಸಿದರು.

ಯಾಕೆ ಮುಟ್ಟಿದರು

ಅನುಮಾನದ ವಸ್ತು ಮುಟ್ಟಬೇಡಿ ಎಂಬ ಫಲಕ ಹಾಸನ, ಚಿಕ್ಕಮಗಳೂರು ಬಸ್ ನಿಲ್ದಾಣಗಳಿಗೆ ಹೋಗಿಬರುವ ಯಾರಿಗೂ ಹೊಸದಲ್ಲ. ಈ ಪ್ರಕರಣದಲ್ಲಿ ಮುಟ್ಟಿದವರು, ಮುಟ್ಟಲು ಹೊರಟವರು ಯಾರೂ ಕುತೂಹಲದಿಂದ ಹೋದವರಲ್ಲ. ಫೋಟೊ ತೆಗೆಯಲು ಹೊರಟ ಇಬ್ಬರನ್ನು ಬಿಟ್ಟರೆ ಉಳಿದ ಎಲ್ಲರೂ ಹೊರಟದ್ದು ಇತರರನ್ನು ಕಾಪಾಡಲು. ಅಪ್ಪ ನೀರಿಗೆ ಹಾಕಿದ್ದು ಮಕ್ಕಳಿಗಾಗಿ. ಮೇಸ್ತ್ರಿ ಹುಡುಕಲು ಹೊರಟದ್ದು ಆಳುಗಳಿಗಾಗಿ. ನಾನು ಜಾಡು ಹಿಡಿದದ್ದು ಸರಿಯಾದ ಸುದ್ದಿ ಕೊಡುವುದಕ್ಕಾಗಿ. ಬಕೆಟ್ ಎತ್ತಲು ಹೋದ ಹುಡುಗ ಎಲ್ಲರ ಪರವಾಗಿ ತನ್ನನ್ನು ಒಡ್ಡಿಕೊಳ್ಳಲು ಹೊರಟಿದ್ದ. ಹೆದರಿಸುವ ಫಲಕ ಇಂಥವರನ್ನು ತಡೆಯುವುದಿಲ್ಲ, ಏಕೆಂದರೆ ಅವರು ಹೆದರಿಕೆಯನ್ನು ನುಂಗಿಕೊಂಡೇ ಮುಂದೆ ಬಂದವರು. ಕಾಪಾಡಬೇಕೆಂಬ ಆ ತವಕಕ್ಕೆ ಬೇರೆ ಕೆಲಸ ಕೊಡಬೇಕು: ಜನರನ್ನು ಎಣಿಸು, ದಾರಿ ಕಾಯಿ, ಕರೆ ಮಾಡು, ಕಂಡದ್ದನ್ನು ನೆನಪಿಟ್ಟು ಹೇಳು.

ತಾವೇ ವಿಲೇವಾರಿ ಮಾಡಲು ಹೊರಟರೆ ಏನಾಗುತ್ತದೆ ಎಂದು ನಮ್ಮ ರಾಜ್ಯ ನೋಡಿದೆ. 2021ರ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಕ್ವಾರಿಯ ಜಿಲೆಟಿನ್ ಕಡ್ಡಿಗಳನ್ನು ಸಾಗಿಸಿ ವಿಲೇವಾರಿ ಮಾಡುವಾಗ ಸಿಡಿದು ಆರು ಮಂದಿ ಸತ್ತರು. ಇನ್ನು ವಸ್ತುವಿನ ರೂಪ. ಉಂಡೆ ಲಡ್ಡುವಿನ ಹಾಗೆ ಕಂಡಿತು. 2022ರ ಡಿಸೆಂಬರ್ ಕೊನೆಯಲ್ಲಿ ಹಾಸನದ ಕೊರಿಯರ್ ಅಂಗಡಿಯೊಂದರಲ್ಲಿ ಸಿಡಿದು ಅಂಗಡಿಯವರನ್ನು ತೀವ್ರವಾಗಿ ಗಾಯಗೊಳಿಸಿದ್ದು ಪಾರ್ಸೆಲ್‌ನಲ್ಲಿ ಬಂದ ಒಂದು ಮಿಕ್ಸಿ. ಅದಕ್ಕೆ ಒಂದು ತಿಂಗಳ ಹಿಂದೆ ಮಂಗಳೂರಿನ ಆಟೊದಲ್ಲಿ ಸಿಡಿದದ್ದು ಕುಕ್ಕರ್. ಬಾಂಬ್ ಎಂದರೆ ತಂತಿ, ಗಡಿಯಾರ ಇರುವ ಪೆಟ್ಟಿಗೆ ಎಂದು ನಂಬಿದವರ ಕೈಗೆ ಇವು ಯಾವುವೂ ಬಾಂಬ್ ಆಗಿ ಬರುವುದಿಲ್ಲ. ಆ ಜಾಗಕ್ಕೆ ಸೇರದ ವಸ್ತುವೇ, ಯಾರದೆಂದು ಯಾರಿಗೂ ತಿಳಿಯದೆ, ಮರೆಮಾಡಿಟ್ಟಂತೆ ಬಿದ್ದಿದೆಯೇ ಎಂದು ನೋಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅನುಮಾನ ಹುಟ್ಟಿದರೆ ಅಲ್ಲಿಗೆ ನಮ್ಮ ಪರೀಕ್ಷೆ ಮುಗಿಯಿತು. ಬಂದ ದಾರಿಯಲ್ಲೇ ಹಿಂದಿರುಗಿ, ಇತರರನ್ನು ದೂರ ಸರಿಸಿ, 112ಕ್ಕೆ ಕರೆ ಮಾಡಬೇಕು. ಯಾರಿಗಾದರೂ ಗಾಯವಾಗಿದ್ದರೆ 108. ಆಗಲೂ ಎಲ್ಲರೂ ಒಟ್ಟಿಗೆ ನುಗ್ಗಬಾರದು, ಸಿಡಿಯದೆ ಉಳಿದದ್ದು ಪಕ್ಕದಲ್ಲೇ ಇರಬಹುದು. ಗಾಯಾಳು ಕೈಗೆ ಸಿಕ್ಕರೆ ರಕ್ತ ಸೋರುವ ಜಾಗವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು, ಬಿಡದೆ ಹಿಡಿದು, ಸುರಕ್ಷಿತ ಕಡೆಗೆ ಸಾಗಿಸಬೇಕು.

ತೋಟದಲ್ಲಿ ಬದಲಾದದ್ದು ಮೂರು ಸಂಗತಿ. ಕೊಯ್ಲು ಶುರುವಾಗುವ ಮೊದಲ ದಿನ ಆಳುಗಳನ್ನು ಕಣದಲ್ಲಿ ಸೇರಿಸಿ ಉಂಡೆಯ ಬಗ್ಗೆ ಕನ್ನಡ, ಹಿಂದಿ, ಅಸ್ಸಾಮಿ ಮೂರರಲ್ಲೂ ಹೇಳುತ್ತಾರೆ. ಅಸ್ಸಾಮಿಯಲ್ಲಿ ಹೇಳುವವನು ಬಕೆಟ್‌ಗೆ ಹಾಕಿದ ಅದೇ ಅಪ್ಪ. ಏನೇ ಸಿಕ್ಕರೂ ಹೇಳಿದವರನ್ನು ಬೈಯುವಂತಿಲ್ಲ ಎಂದು ರೈಟರು ಮೇಸ್ತ್ರಿಗೆ ಕಟ್ಟುನಿಟ್ಟಾಗಿ ಹೇಳಿದ್ದಾರೆ. ತೂಕದ ಪುಸ್ತಕದ ಹಿಂದಿನ ರಟ್ಟಿನ ಒಳಗೆ ಒಂದು ಹಾಳೆ ಅಂಟಿಸಿದ್ದಾರೆ, ಅದರಲ್ಲಿ ಮಕ್ಕಳ ಹೆಸರುಗಳಿವೆ.

ಮುಂದಿನ ವರ್ಷದ ಜನವರಿಯಲ್ಲಿ ಒಂದು ಬೆಳಗ್ಗೆ ಮೇಸ್ತ್ರಿಯ ಹೆಂಡತಿ ಫೋನ್ ಮಾಡಿದರು. ರೊಬಸ್ಟಾ ಗಿಡದ ಬುಡದಲ್ಲಿ ನೂಲು ಸುತ್ತಿದ ಉಂಡೆಯಂಥದ್ದು ಏನೋ ಕಂಡಿತ್ತು. ಪೊಲೀಸರಿಗೆ ಆಗಲೇ ತಿಳಿಸಿದ್ದರು. ನನಗೆ ಮಾಡಿದ್ದು ದನಗಳನ್ನು ಅತ್ತ ಬಿಡದಂತೆ ಸುತ್ತಲಿನ ಮನೆಗಳಿಗೆ ಹೇಳಲಿ ಎಂದು. ಅದು ಹಳೆಯ ಬಟ್ಟೆಯ ಚೆಂಡು ಎಂದು ಸಂಜೆ ತಿಳಿದುಬಂತು. ಆದರೆ ಬೆಳಗ್ಗೆ ಅದು ಏನೆಂದು ಯಾರಿಗೂ ಗೊತ್ತಿಲ್ಲದಾಗ ಆಕೆ ಹೇಳಿದ್ದು ಇಷ್ಟು: ‘ಯಾರೂ ಮುಟ್ಟಿಲ್ಲ ಡಾಕ್ಟರೇ. ಎಲ್ಲರೂ ಕಣದಲ್ಲಿದ್ದೇವೆ. ಈ ವರ್ಷ ಮಕ್ಕಳು ಏಳು. ಏಳೂ ಇಲ್ಲೇ ಇವೆ.’